ಗುಡ್ಡದ ಗುರುತಿಲ್ಲದ ಕಲ್ಲು: ಇಳಕಲ್ ಗ್ರಾನೈಟ್ ಮತ್ತು ಖರೀದಿದಾರರ ಹೊಣೆ

ಬಾದಾಮಿ ಬಳಿಯ ಶಿವಯೋಗ ಮಂದಿರದ ಪಕ್ಕದಲ್ಲಿ ಹರಿಯುವ ಮಲಪ್ರಭೆಯ ಕಣಿವೆಗೆ ಕಲ್ಲಿನ ಕಸುಬು ಹೊಸದಲ್ಲ. ಬಾದಾಮಿ ಚಾಲುಕ್ಯರ ಕಾಲದ ಶಿಲ್ಪಿಗಳು ಇಲ್ಲಿನ ಮರಳುಗಲ್ಲನ್ನೇ ಕಡಿದು ಐಹೊಳೆ, ಪಟ್ಟದಕಲ್ಲುಗಳಲ್ಲಿ ಗುಡಿ ಕಟ್ಟಿದರು. ಕಲ್ಲು ಎಬ್ಬಿಸಿದ ಗುಡ್ಡವೂ ಅದು ಸೇರಿದ ಗುಡಿಯೂ ಒಂದೇ ಕಣಿವೆಯಲ್ಲಿದ್ದವು.

ಪೂರ್ವಕ್ಕೆ ಹುನಗುಂದ ದಾಟಿ ಇಳಕಲ್ ಕಡೆ ಹೋದರೆ ಕಲ್ಲಿನ ಜಾತಿ ಬೇರೆ, ಅದರ ಪಯಣವೂ ಬೇರೆ. ಇಲ್ಲಿನ ಕೆಂಪು ಗ್ರಾನೈಟ್ ಕ್ವಾರಿಯಿಂದ ಬ್ಲಾಕಾಗಿ ಹೊರಟು, ವ್ಯಾಪಾರಿ, ಕಾರ್ಖಾನೆ, ಬಂದರುಗಳನ್ನು ಹಾದು ಹೊರದೇಶದ ಕಟ್ಟಡ ಸೇರುತ್ತದೆ. ಬಿರುಕಿನ, ಬಣ್ಣ ಕೆಟ್ಟ ಕಲ್ಲು ಮಾತ್ರ ಗುಡ್ಡದ ಬುಡದಲ್ಲೇ ರಾಶಿ ಬೀಳುತ್ತದೆ. ಕೊಳ್ಳುವವರು ಬಣ್ಣ ನೋಡುತ್ತಾರೆ, ಅಳತೆ ನೋಡುತ್ತಾರೆ. ಯಾವ ಗುಡ್ಡದ ಕಲ್ಲೆಂದು ಕೇಳುವ ರೂಢಿಯಿಲ್ಲ.

ಆ ಗುಡ್ಡಗಳನ್ನು ಬಂಜರೆಂದು ಕರೆಯುವುದು ಈ ಲೇಖನದ ದೃಷ್ಟಿಯಲ್ಲಿ ದೊಡ್ಡ ತಪ್ಪು. ಬಯಲುಸೀಮೆಯ ಕಲ್ಲುಗುಡ್ಡ, ಕುರುಚಲು ಕಾಡು ತೋಳ, ನರಿ, ಕೊಂಬಿನ ಗೂಬೆಗಳ ನೆಲೆ. ಕುರಿಗಾಹಿಗಳಿಗೆ ಮೇವಿನ ತಾಣ. ಇಳಕಲ್ ಇರುವ ಜಿಲ್ಲೆಯದೇ ಆದ ಬೀಳಗಿ, ಮುಧೋಳ ತಾಲ್ಲೂಕುಗಳ ಇಂಥದ್ದೇ ಒಣ ನೆಲ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಾಯಿತು. ಅದರ ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್.

ಕಲ್ಲಿನ ಈ ಸರಪಳಿಯ ಕೆಳಗಿನ ತುದಿಯಾದ ಕ್ವಾರಿಯನ್ನು ಕಾನೂನು ಮುಟ್ಟಿದೆ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಚಿಕ್ಕದಾದ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದಿತು. ಕೊಳ್ಳುವ ಕಂಪನಿಗಳಿರುವ ಮೇಲಿನ ತುದಿಯೇ ಸಡಿಲ. ಷೇರುಪೇಟೆಯ ನಿಯಂತ್ರಕ ಸೆಬಿಯ ಸುಸ್ಥಿರತಾ ವರದಿ 2022–23ರಿಂದ ಕಡ್ಡಾಯವಾದದ್ದು ಷೇರುಪೇಟೆಯಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ ಒಂದು ಸಾವಿರ ಕಂಪನಿಗಳಿಗೆ. ಷೇರುಪೇಟೆಯ ಹೊರಗಿರುವ ಕ್ವಾರಿ ಮಾಲೀಕರು ಆ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಕಂಪನಿಗಳು ಪೂರೈಕೆ ಸರಪಳಿಯುದ್ದಕ್ಕೂ ಜೀವವೈವಿಧ್ಯಕ್ಕಾಗುವ ಹಾನಿಯನ್ನು ಅಳೆದು ಬಹಿರಂಗಪಡಿಸುವಂತೆ ಸರ್ಕಾರಗಳು ನೋಡಿಕೊಳ್ಳಬೇಕೆಂದು 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿದ ಜಾಗತಿಕ ಜೀವವೈವಿಧ್ಯ ಚೌಕಟ್ಟಿನ 15ನೇ ಗುರಿ ಹೇಳುತ್ತದೆ. ಆದರೆ ಗುರಿ ಕಾನೂನಲ್ಲ.

ಕೊಡಗಿನ ಕಾಫಿಯ ಉದಾಹರಣೆ ಇಲ್ಲಿ ಕಣ್ಣು ತೆರೆಸುತ್ತದೆ. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮದಂತೆ, ಅಲ್ಲಿಗೆ ಹೋಗುವ ಕಾಫಿ ಯಾವ ತೋಟದ್ದೆಂದು ನಕ್ಷೆಯ ಬಿಂದುವಿನ ಸಮೇತ ತೋರಿಸಬೇಕು. ನಿಯಮದ ಜಾರಿಯನ್ನು ಒಕ್ಕೂಟ ಮುಂದೂಡುತ್ತಲೇ ಬಂದಿದೆ. ಆದರೂ ಮೂಲ ನೆಲದ ಗುರುತು ಸರಕಿನೊಡನೆ ಸಾಗಬೇಕೆಂಬ ತತ್ವ ಅದರಲ್ಲಿದೆ. ನಿಯಮ ಹೆಸರಿಸಿದ ಏಳು ಮೂಲ ಸರಕುಗಳಲ್ಲಿ ದನ, ಕೋಕೋ, ಕಾಫಿ, ತಾಳೆ, ರಬ್ಬರ್, ಸೋಯಾ, ಮರ ಇವೆ. ಕಲ್ಲು ಇಲ್ಲ.

ಈ ಕೊರತೆಯನ್ನು ತುಂಬಲು ಹೊಸ ಕಾನೂನಿಗೆ ಕಾಯಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯೂ ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಗುಡ್ಡದಲ್ಲಿ ಏನಿತ್ತು, ಏನು ಉಳಿದಿದೆ ಎಂಬ ಕುರಿಗಾಹಿಯ ತಿಳಿವಳಿಕೆ ಬರಹವಾಗಬೇಕಾದ ಜಾಗ ಅದು. ಕಲ್ಲು ಕೊಳ್ಳುವ ಕಂಪನಿಗಳು ಆ ದಾಖಲಾತಿಯ ಪ್ರತಿ ಕೇಳಲಿ, ಗುಂಡಿ ಮುಚ್ಚುವ ಖರ್ಚನ್ನು ದರದಲ್ಲೇ ಸೇರಿಸಲಿ. ಬ್ಲಾಕಿನ ಮೇಲೆ ಹೇಗೂ ಬಣ್ಣದಲ್ಲಿ ಸಂಖ್ಯೆ ಬರೆಯುತ್ತಾರೆ. ಅದರ ಕೆಳಗೆ ಕ್ವಾರಿಯ ಊರು, ಸರ್ವೆ ನಂಬರುಗಳನ್ನೂ ಬರೆಯಲಿ.