ಸಾಯದವರ ಕಥೆ: ಗೇಮ್‌ಗಳಲ್ಲಿ ಚಿರಂಜೀವಿಗಳು ಹುಟ್ಟಿದ್ದು ಹೇಗೆ?

ಅಶ್ವತ್ಥಾಮ, ವಿಭೀಷಣ, ಹನುಮಂತ... ನಮ್ಮ ಪುರಾಣಗಳ ಚಿರಂಜೀವಿಗಳು ಯಾರ್ಯಾರು ಅಂತ ನಿಮಗೆ ಗೊತ್ತೇ ಇದೆ. ಇವತ್ತಿನ ಎಪಿಸೋಡ್ ಬೇರೆ ಥರದ ಚಿರಂಜೀವಿಗಳ ಬಗ್ಗೆ. ಇವರಿಗೆ ವರ ಕೊಟ್ಟಿದ್ದು ದೇವರಲ್ಲ, ಪ್ರೋಗ್ರಾಮರ್.

ಸ್ಕೈರಿಮ್ ಆಡಿದೋರು ಇದನ್ನ ನೋಡಿರ್ತೀರಿ. ಒಬ್ಬ ಸೇನಾಪತಿಗೆ ಕತ್ತಿಯಲ್ಲಿ ಹತ್ತು ಏಟು ಹಾಕ್ತೀರಿ. ಅವನು ಮಂಡಿಯೂರಿ ಕೂತು ನರಳ್ತಾನೆ. ಸ್ವಲ್ಪ ಹೊತ್ತು ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಎದ್ದು ನಿಲ್ತಾನೆ. ನೂರು ಸಲ ಹೊಡೆದ್ರೂ ಅಷ್ಟೇ. ಗೇಮ್‌ನೊಳಗೆ ಕಂಪ್ಯೂಟರೇ ನಡೆಸೋ ಇಂಥ ಪಾತ್ರಗಳನ್ನ ಎನ್‌ಪಿಸಿ ಅಂತೀವಿ, ಅಂದ್ರೆ ನಾನ್-ಪ್ಲೇಯರ್ ಕ್ಯಾರೆಕ್ಟರ್. ಅವರಲ್ಲಿ ಸಾಯದವರಿಗೆ ಡೆವಲಪರ್‌ಗಳು ಹಾಕೋ ಮುದ್ರೆ 'ಎಸೆನ್ಷಿಯಲ್'. ಅಂದ್ರೆ ಕಥೆಗೆ ಬೇಕೇ ಬೇಕಾದವನು.

ಇದು ಡೆವಲಪರ್‌ಗಳ ಸೋಮಾರಿತನ ಅಂತ ಬೈಯೋರು ಬಹಳ ಜನ. ಇತಿಹಾಸ ನೋಡಿದ್ರೆ ಕಥೆ ಅಷ್ಟು ಸರಳ ಇಲ್ಲ.

ಹಳೇ ಅಲ್ಟಿಮಾ ಸರಣಿಯಿಂದ ಶುರು ಮಾಡೋಣ. ಅದನ್ನ ರೂಪಿಸಿದ ರಿಚರ್ಡ್ ಗ್ಯಾರಿಯಟ್ ತನ್ನದೇ ಪ್ರತಿರೂಪವಾಗಿ ಲಾರ್ಡ್ ಬ್ರಿಟಿಷ್ ಅನ್ನೋ ರಾಜನನ್ನ ಗೇಮ್‌ನೊಳಗೆ ಕೂರಿಸಿದ್ದರು. ಸಾಮಾನ್ಯ ಏಟಿಗೆ ಬಗ್ಗೋ ಆಸಾಮಿ ಅಲ್ಲ ಅವನು. ಸಾಯಲ್ಲ ಅಂದ ಕೂಡಲೇ ಸಾಯಿಸೋ ದಾರಿ ಹುಡುಕೋದು ಆಟಗಾರರ ಸ್ವಭಾವ. 1992ರ ಅಲ್ಟಿಮಾ 7ರಲ್ಲಿ ಒಂದು ದಾರಿ ಇತ್ತು: ಮಧ್ಯಾಹ್ನ 12ಕ್ಕೆ ರಾಜ ಕೋಟೆಯ ಬಾಗಿಲಲ್ಲಿ ಬಂದು ನಿಂತಾಗ, ಮೇಲೆ ತೂಗುಹಾಕಿದ ಫಲಕವನ್ನ ಅವನ ತಲೆ ಮೇಲೆ ಬೀಳಿಸೋದು. ಹಿರಣ್ಯಕಶಿಪುವಿನ ಕಥೆ ನೆನಪಾಗುತ್ತೆ ಅಲ್ವಾ? ಅವನೂ ಸತ್ತಿದ್ದು ಹೊಸ್ತಿಲ ಮೇಲೇ.

ಆಗ ರಾಜನನ್ನ ಕೊಲ್ಲೋದು ಒಂದು ತಮಾಷೆ. ಆದ್ರೆ ಕಥೆಯೇ ಒಬ್ಬ ಪಾತ್ರದ ಮೇಲೆ ನಿಂತಿದ್ರೆ? ಬೆಥೆಸ್ಡಾ ಕಂಪನಿಯ ಮಾರೋವಿಂಡ್ 2002ರಲ್ಲಿ ಬಂತು. ಅದರಲ್ಲಿ ಯಾರನ್ನ ಬೇಕಾದ್ರೂ ಕೊಲ್ಲಬಹುದಿತ್ತು. ಮುಖ್ಯ ಪಾತ್ರವೊಂದು ಸತ್ತರೆ ಸ್ಕ್ರೀನ್ ಮೇಲೆ ಎಚ್ಚರಿಕೆ ಬರ್ತಿತ್ತು: ಭವಿಷ್ಯವಾಣಿಯ ಎಳೆ ಹರಿದುಹೋಯ್ತು, ಹಳೇ ಸೇವ್‌ಗೆ ವಾಪಸ್ ಹೋಗು, ಇಲ್ಲಾ ಹಾಳಾದ ಈ ಜಗತ್ತಲ್ಲೇ ಮುಂದುವರಿ ಅನ್ನೋ ಅರ್ಥದ್ದು. ಅಷ್ಟೆಲ್ಲಾ ಆದಮೇಲೂ ಗೇಮ್ ಮುಗಿಸೋಕೆ ಒಂದು ಹಿತ್ತಲ ದಾರಿ ಬಿಟ್ಟಿದ್ದರು. ತಪ್ಪು ಮಾಡೋ ಸ್ವಾತಂತ್ರ್ಯವೂ ನಿಮ್ಮದು, ಅದರ ಫಲವೂ ನಿಮ್ಮದು.

ಇದು ಸಾಧ್ಯವಾಗಿದ್ದಕ್ಕೆ ಒಂದು ಕಾರಣ ಇದೆ. ಮಾರೋವಿಂಡ್‌ನ ಜನ ಹೆಚ್ಚಿನಂಶ ನಿಂತಲ್ಲೇ ನಿಂತಿರ್ತಿದ್ದರು. ಹಗಲು ರಾತ್ರಿ ಅದೇ ಅಂಗಡಿ, ಅದೇ ಮೂಲೆ. ಹಾಗಾಗಿ ಅವರು ಸತ್ತರೆ, ಸಾಮಾನ್ಯವಾಗಿ ಕೊಂದಿದ್ದು ನೀವೇ.

2006ರಲ್ಲಿ ಅದೇ ಕಂಪನಿಯ ಆಬ್ಲಿವಿಯನ್ ಬಂದಾಗ ಲೆಕ್ಕಾಚಾರವೇ ಬದಲಾಯ್ತು. 'ರೇಡಿಯಂಟ್ ಎಐ' ಅನ್ನೋ ವ್ಯವಸ್ಥೆಯಿಂದ ಎನ್‌ಪಿಸಿಗಳಿಗೆ ದಿನಚರಿ ಸಿಕ್ತು. ಊಟ, ನಿದ್ದೆ, ಕೆಲಸ, ಊರಿಂದ ಊರಿಗೆ ಪ್ರಯಾಣ ಎಲ್ಲಾ ಅವರವರ ಪಾಡಿಗೆ. ಗೇಮ್ ಬರೋ ಮೊದಲು ಡಿಸೈನರ್ ಎಮಿಲ್ ಪಗ್ಲಿಯಾರುಲೊ ಒಂದು ಪ್ರಸಂಗ ಹೇಳಿದ್ದರು. ಒಂದು ಕ್ವೆಸ್ಟ್‌ನಲ್ಲಿ ಆಟಗಾರ, ಸ್ಕೂಮಾ ಅನ್ನೋ ಮಾದಕ ವಸ್ತು ಮಾರೋನನ್ನ ಭೇಟಿ ಆಗಬೇಕಿತ್ತು. ಟೆಸ್ಟಿಂಗ್‌ನಲ್ಲಿ ಅಲ್ಲಿಗೆ ಹೋದ್ರೆ, ಅವನು ಆಗಲೇ ಹೆಣವಾಗಿದ್ದ! ಚಟ ಹತ್ತಿದ್ದ ಬೇರೆ ಎನ್‌ಪಿಸಿಗಳು ಕೈಯಲ್ಲಿ ಕಾಸಿಲ್ಲದೆ ಅವನನ್ನೇ ಮುಗಿಸಿ ಮಾಲು ಎತ್ತಿಕೊಂಡಿದ್ದವು.

ಯೋಚನೆ ಮಾಡಿ. ನೀವು ಆ ಊರಿಗೆ ಕಾಲೇ ಇಟ್ಟಿಲ್ಲ, ನಿಮ್ಮ ಕ್ವೆಸ್ಟ್ ಮಾತ್ರ ಸತ್ತುಹೋಗಿದೆ. ಆಬ್ಲಿವಿಯನ್‌ನಲ್ಲಿ ಮುಖ್ಯ ಪಾತ್ರಗಳು ಏಟು ತಿಂದರೆ ಮೂರ್ಛೆ ಹೋಗಿ ಮತ್ತೆ ಏಳೋ ಹಾಗೆ ಮಾಡಿದ್ದು ಇಂಥ ಜಗತ್ತಿನಲ್ಲಿ. ಜನಕ್ಕೆ ಜೀವ ಬಂತು. ಜೀವ ಬಂದಮೇಲೆ ಸಾವಿನ ಭಯವೂ ಬಂತು. ಆ ಭಯಕ್ಕೆ ಕಟ್ಟಿದ ತಾಯಿತವೇ ಈ ಅಮರತ್ವ.

2011ರ ಸ್ಕೈರಿಮ್‌ನಲ್ಲಿ ಒಂದು ಮಧ್ಯದ ದಾರಿ ಬಂತು: 'ಪ್ರೊಟೆಕ್ಟೆಡ್'. ಇವರನ್ನ ತೋಳ, ಡ್ರ್ಯಾಗನ್ ಕೊಲ್ಲೋಕಾಗಲ್ಲ, ಆಟಗಾರ ಮಾತ್ರ ಕೊಲ್ಲಬಹುದು. ಅಂಥ ರಕ್ಷಣೆ ಇಲ್ಲದವರ ಗತಿ ಏನು ಅಂತ 2012ರ ಡಾನ್‌ಗಾರ್ಡ್ ವಿಸ್ತರಣೆ ತೋರಿಸಿಕೊಟ್ಟಿತು. ರಾತ್ರಿ ವ್ಯಾಂಪೈರ್‌ಗಳು ಊರಿಗೆ ನುಗ್ಗಿ ವ್ಯಾಪಾರಿಗಳನ್ನ ಕೊಂದು ಹೋಗ್ತಿದ್ದವು. 'ನಮ್ಮ ಅಂಗಡಿಯವನನ್ನ ಉಳಿಸಿ' ಅಂತ ಕೇಳಿದೋರು ಆಟಗಾರರೇ!

ಹಾಗಾದ್ರೆ ಸಮಸ್ಯೆ ಏನು? ಅದೇ ಸ್ಕೈರಿಮ್‌ನಲ್ಲಿ ಪಾರ್ಥುರ್ನಾಕ್ಸ್ ಅಂತ ಒಂದು ಮುದಿ ಡ್ರ್ಯಾಗನ್ ಇದೆ. ಹಿಂದೆ ಘೋರ ಪಾಪ ಮಾಡಿ, ಈಗ ಪಶ್ಚಾತ್ತಾಪದಲ್ಲಿ ಬೆಟ್ಟದ ತುದಿಯಲ್ಲಿ ಧ್ಯಾನ ಮಾಡಿಕೊಂಡಿದೆ. ನಿಮಗೆ ಗುರುವಿನ ಹಾಗೆ ಪಾಠ ಹೇಳಿಕೊಡುತ್ತೆ. ಡೆಲ್ಫೀನ್ ಅನ್ನೋ ಹೆಂಗಸು ಬಂದು, ಅದನ್ನ ಕೊಲ್ಲು, ಇಲ್ಲಾಂದ್ರೆ ನಮ್ಮ ಸಹಾಯ ಇಲ್ಲ ಅಂತಾಳೆ. ಗುರುವನ್ನ ನೀವು ಕೊಲ್ಲಬಹುದು. ಆದ್ರೆ ಕೊಲ್ಲು ಅಂದವಳನ್ನ ಮುಟ್ಟೋಕಾಗಲ್ಲ, ಅವಳು ಎಸೆನ್ಷಿಯಲ್. ಆಟಗಾರರಿಗೆ ಇದು ಎಷ್ಟು ಚುಚ್ಚಿತು ಅಂದ್ರೆ, ಕೊಲ್ಲಲ್ಲ ಅಂತ ಅವಳಿಗೆ ಮುಖಕ್ಕೆ ಹೇಳೋ ಮಾಡ್‌ಗಳನ್ನ ತಾವೇ ಬರೆದುಕೊಂಡರು. ಅವರು ಕೇಳಿದ್ದು ಇನ್ನೊಂದು ಕೊಲೆ ಅಲ್ಲ, 'ಇಲ್ಲ' ಅನ್ನೋ ಹಕ್ಕು. ಕೊಲ್ಲೋಕೆ ಆಗದೇ ಇರೋನನ್ನ ಬಿಟ್ಟುಬಿಟ್ರೆ ಅದು ದಯೆ ಹೇಗಾಗುತ್ತೆ?

ಬೇರೆ ದಾರಿ ಇರಲಿಲ್ವಾ? ಇತ್ತು. 2010ರ ಫಾಲ್‌ಔಟ್: ನ್ಯೂ ವೆಗಾಸ್ ನೋಡಿ. ಆಬ್ಸಿಡಿಯನ್ ತಂಡ ಅಲ್ಲಿನ ಬಣಗಳ ನಾಯಕರನ್ನೂ ಕೊಲ್ಲೋಕೆ ಬಿಟ್ಟಿತು. ಎಲ್ಲರನ್ನೂ ಕೊಂದರೆ ಕಥೆ ಮುಗಿಸೋಕೆ ಯಾರಿರ್ತಾರೆ? ಯೆಸ್ ಮ್ಯಾನ್ ಅನ್ನೋ ರೋಬೋ. ಅದನ್ನ ಪುಡಿ ಮಾಡಿದ್ರೆ, ಪ್ರೋಗ್ರಾಂ ಇನ್ನೊಂದು ರೋಬೋ ದೇಹಕ್ಕೆ ಹೋಗಿ ಅದೇ ನಗುಮುಖದಲ್ಲಿ ವಾಪಸ್ ಬರುತ್ತೆ. ಇಲ್ಲೂ ಒಬ್ಬ ಚಿರಂಜೀವಿ ಇದ್ದಾನೆ, ಆದ್ರೆ ಯಾಕೆ ಸಾಯಲ್ಲ ಅನ್ನೋದಕ್ಕೆ ಕಥೆಯೊಳಗೇ ಉತ್ತರ ಇದೆ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಾಯ್ತಾರೆ. ಹೆಣದ ಜೊತೆ ಮಾತಾಡೋ ಮಂತ್ರವೂ ಇದೆ. ಕೊಂದವನು ನೀವೇ ಆಗಿದ್ರೆ ಮಾತ್ರ ಹೆಣ ಬಾಯಿ ಬಿಡಲ್ಲ, ಬೇರೆ ವೇಷದಲ್ಲಿ ಹೋಗಿ ಕೇಳಬೇಕು.

ಆದ್ರೆ ಹೀಗೆ ಮಾಡೋದು ದುಬಾರಿ. ಒಬ್ಬ ಸತ್ತರೆ ಕಥೆ ಎತ್ತ ಹೋಗಬೇಕು ಅಂತ ಪ್ರತಿಯೊಂದಕ್ಕೂ ಮೊದಲೇ ಬರೆದಿಡಬೇಕು, ಮಾತು ರೆಕಾರ್ಡ್ ಮಾಡಬೇಕು, ಟೆಸ್ಟ್ ಮಾಡಬೇಕು. ಎಸೆನ್ಷಿಯಲ್ ಮುದ್ರೆ ಒತ್ತೋದು ಒಂದು ಟಿಕ್ ಹಾಕಿದಷ್ಟು ಸುಲಭ. ಮುಂದಿನ ಸಲ ಒಬ್ಬ ಎನ್‌ಪಿಸಿ ಮಂಡಿಯೂರಿ ಮತ್ತೆ ಎದ್ದಾಗ ಗಮನಿಸಿ: ಅಲ್ಲಿ ಗೇಮ್ ಕಾಪಾಡ್ತಿರೋದು ಅವನನ್ನಲ್ಲ, ತನ್ನ ಕಥೆಯನ್ನ.

ಇಡೀ ಕಥೆ ಹಾಳಾದ್ರೂ ಪರವಾಗಿಲ್ಲ, ಸ್ವಾತಂತ್ರ್ಯ ಬೇಕು ಅಂತೀರಾ? ಅಥವಾ ನಿಮ್ಮ ಅಂಗಡಿಯವನು ಬದುಕಿರಲಿ ಅಂತೀರಾ? ಗೇಮ್ ಆಡೋ ಗೆಳೆಯರ ಜೊತೆ ಕೂತು ಜಗಳ ಆಡಿ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.