ನಮ್ಮ ಎದುರು ಮ್ಯಾಳ

ಹಾಡಕಿ ಅಂದರೆ ಜಾತ್ರೆಯ ಒಂದು ರಾತ್ರಿಯ ಆಟ ಎಂದು ಮಂದಿ ತಿಳಕೊಂಡಿದ್ದಾರೆ. ರಾತ್ರಿ ಹತ್ತಕ್ಕೆ ಡಪ್ಪಿನ ಸಪ್ಪಳ ಸುರು ಆಗುತ್ತದೆ, ಹೊತ್ತು ಮೂಡುವಾಗ ಮುಗಿಯುತ್ತದೆ. ಗೆದ್ದವರಿಗೆ ಒಂದು ತೆಂಗು, ಒಂದು ಟವೆಲ್ಲು. ಸೋತವರಿಗೂ ಒಂದು ಟವೆಲ್ಲು. ನಾನು ನಲವತ್ತು ವರ್ಷ ಹರದೇಶಿ ಹಾಡಿದವ, ಅದಕ್ಕೆ ಹೇಳುತ್ತೇನೆ. ಆ ರಾತ್ರಿ ನಮಗೆ ರಾಶಿ ಮಾಡುವ ದಿನ ಇದ್ದ ಹಾಗೆ. ಬಿತ್ತೋದು, ಕಸ ತೆಗೆಯೋದು, ಹಕ್ಕಿ ಕಾಯೋದು ಎಲ್ಲಾ ಉಳಿದ ತಿಂಗಳುಗಳಲ್ಲಿ ನಡೀತದ. ರಾಶಿಯ ಬಗ್ಗೆ ದೊಡ್ಡವರು ಬರೆದಿದ್ದಾರೆ. ನಾನು ಬಿತ್ತಿಗೆಯ ಬಗ್ಗೆ ಬರೆಯುತ್ತೇನೆ.

ನಾನು ಹುಟ್ಟಿದ್ದು 1959ರಲ್ಲಿ. ಆವಾಗ ನಮ್ಮ ಸಾಸ್ತೂರ ಮುಂಬೈ ರಾಜ್ಯದಲ್ಲಿತ್ತು, ಮರುವರ್ಷ ಮೇ 1ಕ್ಕೆ ಮಹಾರಾಷ್ಟ್ರ ಆಯಿತು. ಅದರ ಹಿಂದೆ 1956ರ ತನಕ ಹೈದರಾಬಾದ ರಾಜ್ಯ, ಅದಕ್ಕೂ ಹಿಂದೆ ನಿಜಾಮನ ಆಳಿಕೆ. ನಮ್ಮ ಹಿರಿಯರು ಅದಕ್ಕೆ ಮೊಗಲಾಯಿ ಅನ್ನುತ್ತಿದ್ದರು. ನಾನು ಸಾಲಿ ಕಲಿತಿದ್ದು ಮರಾಠಿಯಲ್ಲಿ ಏಳನೇ ತನಕ. ಮನೆಯಲ್ಲಿ ಕನ್ನಡ. ಕನ್ನಡ ಅಕ್ಷರ ಕಲಿಸಿದವರು ನನ್ನ ಹಾಡಕಿಯ ಗುರುಗಳು, ಅದೂ ಮೀಸೆ ಬಂದ ಮೇಲೆ. ಹೀಗಾಗಿ ಈ ಬರಹದಾಗ ಒತ್ತು-ದೀರ್ಘ ತಪ್ಪಿದ್ದರೆ ವಾಚನಾಲಯದ ಮಾಸ್ತರರು ತಿದ್ದಲಿ, ಮಾತು ಮಾತ್ರ ತಿದ್ದಬಾರದು.

ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಎರಡು ಮಾತು. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ಹಾಡುತ್ತಾರೆ. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಡಪ್ಪು, ತುಂತುಣಿ, ತಾಳ ಇಷ್ಟೇ ಸಾಮಾನು. ಹಿಮ್ಮೇಳದವರು ಗೀ ಗೀ ಎಂದು ದನಿ ಕೂಡಿಸುತ್ತಾರೆ, ಅದಕ್ಕೆ ಗೀಗೀ ಪದ ಎಂಬ ಹೆಸರು. ಒಂದು ಮ್ಯಾಳ ಸವಾಲು ಹಾಕಿದರೆ ಎದುರು ಮ್ಯಾಳ ಅದೇ ಧಾಟಿಯಲ್ಲಿ ಉತ್ತರ ಕಟ್ಟಿ ಹಾಡಬೇಕು. ಮರಾಠಿಯಲ್ಲಿ ಇದಕ್ಕೇ ಕಲಗಿ-ತುರಾ ಅನ್ನುತ್ತಾರೆ, ತುರಾ ಎಂದರೆ ಶಿವನ ಪಕ್ಷ, ಕಲಗಿ ಎಂದರೆ ಶಕ್ತಿಯ ಪಕ್ಷ. ತುಕನಗೀರ ಎಂಬ ಗೋಸಾವಿ, ಶಾಹಅಲಿ ಎಂಬ ಫಕೀರ, ಇಬ್ಬರೂ ಚಂದೇರಿ ರಾಜನ ಮುಂದೆ ಹಾಡಿದರಂತೆ. ರಾಜ ತನ್ನ ಮುಂಡಾಸದ ತುರಾ ಒಬ್ಬನಿಗೆ, ಕಲಗಿ ಇನ್ನೊಬ್ಬನಿಗೆ ಕೊಟ್ಟನಂತೆ. ಕಥೆ ನಿಜವೋ ಸುಳ್ಳೋ, ಅದರಲ್ಲಿ ನನಗೆ ಸೇರಿದ್ದು ಇಷ್ಟೇ: ರಾಜ ಒಬ್ಬನನ್ನೇ ಗೆಲ್ಲಿಸಲಿಲ್ಲ. ಗೆಲ್ಲಿಸಿದ್ದರೆ ಆಟ ಅವತ್ತೇ ಮುಗೀತಿತ್ತು.

ಹಾಡಿಗೆ ಹಾಡು ಕಟ್ಟುವ ಪಂಥ ನಮ್ಮ ಸೀಮೆಗೆ ಹೊಸದಲ್ಲ. ಉರ್ದು ಶಾಯರರು ಒಂದು ಸಾಲು ಕೊಟ್ಟು ಅದರ ಮೇಲೆ ಎಲ್ಲರೂ ಗಜಲ್ ಕಟ್ಟಿ ತರಬೇಕು ಎನ್ನುವ ಮುಶಾಯಿರಾ ನಡೆಸುತ್ತಿದ್ದರು, ಅದಕ್ಕೆ ತರಹೀ ಮುಶಾಯಿರಾ ಅನ್ನುತ್ತಾರೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಖಾಜಾಭಾಯಿ ಎಂಬ ದೊಡ್ಡ ಲಾವಣಿಕಾರರಿದ್ದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಹಳ್ಳಿಯ ಹಾಡು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು, 1933ರಲ್ಲಿ ಲಾವಣಿಗಳ 'ಜೀವನ ಸಂಗೀತ' ತಂದರು. ನಮ್ಮ ಕಡೆ ಹಾಂಗ ಕೂಡಿಸುವವರು ಯಾರೂ ಹುಟ್ಟಲಿಲ್ಲ. ನಮ್ಮ ಹಾಡು ಯಾರು ಕಾಯ್ದರು ಎಂಬುದೇ ಈ ಲೇಖನದ ವಿಷಯ.

ನಮ್ಮ ಮುತ್ಯಾ ಹೇಳುತ್ತಿದ್ದ ಮಾತು ಇದು. ಮೊಗಲಾಯಿ ಕಾಲಕ್ಕೆ ಸೋಲಾಪುರ ಸೀಮೆ ಇಂಗ್ರೇಜರದು, ಅಕ್ಕಲಕೋಟ ಬೇರೆ ಸಂಸ್ಥಾನ, ನಾವು ನಿಜಾಮನವರು. ಹಾಡಕಿಗೆ ಆಚೆ ಹೋಗಬೇಕಾದರೆ ಕರೋಡಗಿರಿ ನಾಕಾ ದಾಟಬೇಕು. ಆಚೆ ಕಲ್ದಾರ ರೂಪಾಯಿ, ಈಚೆ ಹಾಲಿ ಸಿಕ್ಕಾ. ಆರು ಕಲ್ದಾರಕ್ಕೆ ಏಳು ಹಾಲಿ. "ಅವರ ಕಡೆ ಸೋತರೂ ನಮ್ಮ ಕಡೆ ಗೆದ್ದಷ್ಟು ರೊಕ್ಕ" ಎಂದು ಮುತ್ಯಾ ನಗುತ್ತಿದ್ದ. ಸೀಮೆ ಬದಲಾದರೂ ಧಾಟಿ ಒಂದೇ. 1948ರ ಗದ್ದಲದ ವರ್ಷ ಜಾತ್ರೆ ನಡೆಯಲಿಲ್ಲ, ಹಾಡಕಿಯೂ ನಿಂತಿತ್ತಂತೆ. ಪೋಲಿಸ್ ಆ್ಯಕ್ಷನ್ ಮುಗಿದು ದಾರಿ ತೆರೆದ ಮೇಲೆ ಮೊದಲು ಬಂದ ಬೀಗರು ಯಾರು ಅಂದರೆ, ಎದುರು ಮ್ಯಾಳದವರು. ಹಳೇ ಸವಾಲಿಗೆ ಉತ್ತರ ಬಾಕಿ ಇತ್ತು, ಅದನ್ನ ಕೇಳಲಿಕ್ಕೆ ಬಂದಿದ್ದರಂತೆ.

ಇನ್ನು ನನ್ನ ಕಾಲಕ್ಕೆ ಬರುತ್ತೇನೆ. ನಮ್ಮ ಎದುರು ಮ್ಯಾಳ ಆಳಂದ ತಾಲೂಕಿನ ಒಂದು ಹಳ್ಳಿಯದು. ಉಮರ್ಗಾದಲ್ಲಿ ಬಸ್ಸು ಬದಲಿಸಿ, ಖಜೂರಿ ದಾಟಿ ಹೋಗಬೇಕು. ಮುಂದೆ ನಿಂತು ಹಾಡುವವರು ಒಬ್ಬ ಹೆಣ್ಣುಮಗಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಹೆಸರು ಬರೆಯೋದು ಬ್ಯಾಡ ಎಂದು ಅವರ ಮನೆಯವರು ಹೇಳಿದ್ದಾರೆ, ಅಕ್ಕ ಎಂದೇ ಬರೆಯುತ್ತೇನೆ, ನಾನು ಕರೆಯುತ್ತಿದ್ದುದೂ ಹಾಗೆಯೇ.

ವರ್ಷದ ಲೆಕ್ಕ ಹೀಗಿತ್ತು. ಸುಗ್ಗಿ ಮುಗಿದ ಮೇಲೆ ಯುಗಾದಿಯ ಹಿಂದುಮುಂದು ಜಾತ್ರೆಗಳು, ಎದುರಾಎದುರು ಹಾಡಕಿ. ಮಿರಗ ಕೂಡಿತು ಎಂದರೆ ಡಪ್ಪು ಗೂಟಕ್ಕೆ, ಕೈ ಕೂರಿಗೆಗೆ. ಆವಾಗ ಅಕ್ಕನ ಕಾರ್ಡು ಬರೋದು. ಹದಿನೈದು ಪೈಸೆಯ ಕಾರ್ಡಿನಾಗ ಕ್ಷೇಮಸಮಾಚಾರ ಒಂದು ಸಾಲು, ಸವಾಲು ನಾಕು ಸಾಲು. ಮುಂದಿನ ಜಾತ್ರೆಗೆ ಇದಕ್ಕೆ ಉತ್ತರ ಕಟ್ಟಿಕೊಂಡು ಬಾ ಎಂದು ಅರ್ಥ. ಅಕ್ಕ ಸಾಲಿ ಕಲಿತವರಲ್ಲ, ಅವರ ಹಿಮ್ಮೇಳದ ಹುಡುಗ ಕನ್ನಡದಾಗ ಬರೆಯುತ್ತಿದ್ದ. ನಾನು ಸುರುವಿನಲ್ಲಿ ಕನ್ನಡ ಮಾತನ್ನ ಮರಾಠಿ ಅಕ್ಷರದಾಗ ಬರೆದು ಕಳಿಸುತ್ತಿದ್ದೆ. ಅಂಚೆಯವನು ಕಾರ್ಡನ್ನು ಹತ್ತು ಮಂದಿಯ ಮುಂದೆ ಓದಿದರೂ ಒಂದು ಅಕ್ಷರ ಅವನಿಗೆ ತಿಳೀತಿರಲಿಲ್ಲ. ಆಕಡೆ ಹುಡುಗನಿಗೆ ಮರಾಠಿ ಬಾರದು. ಅವರು ಊರ ಸಿಂಪಿಗನ ಹತ್ತಿರ ಓದಿಸಿಕೊಳ್ಳುತ್ತಿದ್ದರು. ಇದಕ್ಕೆ ಬೇಸತ್ತೇ ನಮ್ಮ ಗುರುಗಳು ನನಗೆ ಕನ್ನಡ ಬರಿಯೋದು ಕಲಿಸಿದ್ದು.

ಶ್ರಾವಣದಾಗ ಮಠದಲ್ಲಿ ಪುರಾಣ ಹಚ್ಚಿದರೆ ನಾವು ಭಕ್ತಿಯಿಂದ ಕೂಡ್ರುತ್ತಿದ್ದೆವು, ಆದರೆ ಕಿವಿ ಮಾತ್ರ ಸವಾಲಿನ ಕಡೆ. ಯಾವ ಋಷಿಯ ಹೆಂಡತಿ ಯಾರು, ಯಾರಿಗೆ ಯಾರು ಶಾಪ ಕೊಟ್ಟರು ಇದೆಲ್ಲಾ ಕೂಡಿಡುವ ತಿಂಗಳು ಅದು. ಮೊಹರಂ ಮಾತ್ರ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದ ಸರೀತದ, ಅದು ಬಂದಾಗ ಅಲಾವಿ ಹಾಡು. ಮಹಾನವಮಿಗೆ ಕಟ್ಟಿದ ಹಾಡು ಊರವರ ಮುಂದೆ ಒಮ್ಮೆ ಹಾಡಿ ನೋಡೋದು. ಎಳ್ಳಮಾವಾಸಿಗೆ ಒಂದು ವರ್ಷ ನಾವು ಅವರ ಹೊಲಕ್ಕೆ, ಒಂದು ವರ್ಷ ಅವರು ನಮ್ಮ ಹೊಲಕ್ಕೆ. ನಮ್ಮ ಮರಾಠಿ ಮಂದಿ ಇದಕ್ಕೆ ಯೇಳವಸ ಅನ್ನುತ್ತಾರೆ, ಹೆಸರು ಕನ್ನಡದ್ದೇ ಎಂದು ಬಹಳ ಮಂದಿಗೆ ಗೊತ್ತಿಲ್ಲ. ಜೋಳದ ದಂಟಿನ ಕೊಪ್ಪಿ ಹಾಕಿ, ಐದು ಕಲ್ಲು ಪಾಂಡವರೆಂದು ಪೂಜೆ ಮಾಡಿ, ಭಜ್ಜಿ, ಉಂಡಿ, ಅಂಬಲಿ ಉಂಡು ಸಂಜೀತನಕ ಹಾಡು. ಅವತ್ತು ಸವಾಲಿಲ್ಲ. ಅವತ್ತು ಅವರ ಹಾಡು ನಾವು ಹಾಡಬೇಕು, ನಮ್ಮ ಹಾಡು ಅವರು ಹಾಡಬೇಕು. "ಎದುರಿನವರ ಹಾಡು ಬಾಯಿಪಾಠ ಇಲ್ಲದವ ಉತ್ತರ ಏನ ಕೊಡತಾನ?" ಎಂದು ಗುರುಗಳ ಕಟ್ಟುನಿಟ್ಟು.

1993ರ ಜಾತ್ರೆಯಲ್ಲಿ ನಾವು ಸೋತೆವು. ಸೋತಿದ್ದಕ್ಕಲ್ಲ, ಸೋತ ಮೇಲೆ ನಾನು ಆಡಿದ ಮಾತಿಗೆ ಇವತ್ತಿಗೂ ನಾಚಿಕೆ. ಹಾಡಿನ ಹೊರಗೆ, ಅಕ್ಕನ ಮನೆತನದ ಬಗ್ಗೆ ಆಡಿದೆ. ಗುರುಗಳು ಅಲ್ಲೇ ನನ್ನ ಕೈಯಿಂದ ಡಪ್ಪು ಕಸಕೊಂಡರು. ಅಕ್ಕ ಏನೂ ಅನ್ನಲಿಲ್ಲ. ಮಿರಗಕ್ಕೆ ಎಂದಿನಂತೆ ಕಾರ್ಡು ಬಂತು. ಸವಾಲು ಇಷ್ಟೇ ಇತ್ತು: ಹೊಲ ಬಿತ್ತಿದವ ಹೆಚ್ಚೋ, ಬೂದಿ ಹಚ್ಚಿ ಗಡಗಿಯೊಳಗ ಬೀಜ ಕಾಯ್ದಿಟ್ಟಾಕಿ ಹೆಚ್ಚೋ? ನಾನು ಉತ್ತರ ಬರೆಯಲಿಲ್ಲ. ಕಾರ್ಡನ್ನ ತೊಲೆಯ ಸಂದಿಗೆ ಸಿಗಿಸಿಟ್ಟೆ. ನಾಗಪಂಚಮಿ ಹೋಯಿತು, ಗಣಪತಿ ಬಂದ.

ಸೆಪ್ಟೆಂಬರ್ 30ರ ನಸುಕಿನ ನಾಕು ಗಂಟೆಯ ಹೊತ್ತಿಗೆ ಏನಾಯಿತು ಎಂಬುದು ನಮ್ಮ ಸೀಮೆಯವರಿಗೆ ಹೇಳೋದು ಬ್ಯಾಡ. ಗಣಪತಿ ಕಳಿಸಿ ದಣಿದು ಮಲಗಿದ್ದ ಊರು. ಎರಡು-ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಬ್ಯಾಸಗಿಗೆ ತಂಪು ಕೊಡುತ್ತಿದ್ದ ಮನೆಗಳೇ ಗೋರಿ ಆದವು. ಕಿಲ್ಲಾರಿ, ಸಾಸ್ತೂರ ಸೇರಿ ನಮ್ಮ ತೇರಣಾ ನದಿಯ ಆಚೀಚೆಯ ಊರೂರುಗಳು ಮಣ್ಣು ಆದವು, ಸುಮಾರು ಹತ್ತು ಸಾವಿರ ಮಂದಿ ಹೋದರು. ನಾನು ಹೊಲದಲ್ಲಿದ್ದೆ, ಉಳಿದೆ. ಗುರುಗಳು ಹೋದರು. ಹಿಮ್ಮೇಳದ ಇಬ್ಬರು ಹೋದರು. ನಾಕು ತಲೆಮಾರಿನ 64 ಹಾಡು ಬರೆದ ಗುರುಗಳ ವಹಿ ಗೋಡೆಯ ಕೆಳಗೆ ಸಿಕ್ಕಿತು, ಮೇಲೆ ಮಳೆ ಹಿಡಿಯಿತು. ತೆಗೆದಾಗ ಅದು ಮುದ್ದೆಯಾಗಿತ್ತು. ಇದಕ್ಕಿಂತ ಹೆಚ್ಚು ನನಗೆ ಬರೆಯಲಾಗುವುದಿಲ್ಲ.

ಹನ್ನೆರಡನೇ ದಿನ ಅಕ್ಕ ಬಂದರು. ಸಂಗಡ ಅವರ ಹಿಮ್ಮೇಳದ ಇಬ್ಬರು, ತಲೆಯ ಮೇಲೆ ಜೋಳದ ಹಿಟ್ಟಿನ ಚೀಲ, ಶೇಂಗಾ ಹಿಂಡಿ, ಎರಡು ಕಂಬಳಿ. ನಾನು ಕಾಲಿಗೆ ಬಿದ್ದೆ. "ತಮ್ಮಾ, ಕಾರ್ಡಿಗಿ ಉತ್ತರ ಬರಲಿಲ್ಲ ನೋಡು, ಅದಕ್ಕ ನಾವೇ ಬಂದೀವಿ" ಅಂದರು. ಜಾತ್ರೆಯ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಆ ವರ್ಷದ ಎಳ್ಳಮಾವಾಸಿಗೆ ನಾವು ಪತ್ರಾ ಶೆಡ್ಡಿನಲ್ಲಿದ್ದೆವು. ಅಕ್ಕ ಮತ್ತೆ ಬಂದರು, ನೂರು ಪುಟದ ಕೋರಾ ವಹಿ ತಂದಿದ್ದರು. "ನಿಮ್ಮ ಹಾಡು ನಾ ಹೇಳತೀನಿ, ನೀ ಬರಕೋ" ಅಂದರು. ಮೂರು ದಿನ ಹೇಳಿದರು. ನನಗೆ ನೆನಪಿದ್ದದ್ದು ಅದಕ್ಕೆ ಕೂಡಿಸಿದೆ. 41 ಹಾಡು ಸಿಕ್ಕವು. ಹರದೇಶಿಯ ಹಾಡು ನಾಗೇಶಿಯವರ ಬಾಯಲ್ಲಿ ಉಳಿದಿತ್ತು. ಉತ್ತರ ಕೊಡಬೇಕು ಎಂಬ ಹಟಕ್ಕೆ ಅವರು ಅದನ್ನ ನಮಗಿಂತ ಚಲೋ ಬಾಯಿಪಾಠ ಮಾಡಿದ್ದರು.

ಆದರೆ ಇಲ್ಲೊಂದು ಮಾತು ಮುಚ್ಚಿಡಬಾರದು, ಇತಿಹಾಸ ಬರೆಯುವ ಮಾಸ್ತರರಿಗೆ ಇದು ಬೇಕಾದೀತು. ಎದುರಿನವರ ನೆನಪು ಎದುರಿನವರ ನೆನಪೇ. ನಮ್ಮ ಹಾಡಿನ ಯಾವ ನುಡಿ ಸಡಿಲ ಇತ್ತೋ, ಯಾವುದನ್ನು ಹಿಡಿದು ನಮ್ಮನ್ನ ಸೋಲಿಸಬಹುದಿತ್ತೋ, ಅದು ಅಕ್ಕನಿಗೆ ಅಕ್ಷರಕ್ಕೆ ಅಕ್ಷರ ನೆನಪಿತ್ತು. ಬಲವಾದ ನುಡಿ, ಉತ್ತರವೇ ಇಲ್ಲದ ನುಡಿ, ಮರೆತಿದ್ದವು. "ಅದನ್ನ ನೆನಪಿಟ್ಟು ನಮಗೇನ ಲಾಭ ಇತ್ತೋ ತಮ್ಮಾ?" ಎಂದು ನಕ್ಕರು. ಹೀಗಾಗಿ ನಮ್ಮ ಗುರುಗಳ ಹಾಡು ಈಗ ಓದಿದವರಿಗೆ ಅವರು ಸಾಧಾರಣ ಕವಿ ಅನ್ನಿಸಬಹುದು. ಅವರು ಸಾಧಾರಣ ಇರಲಿಲ್ಲ. ಹಾಡಿನ ಕೊನೆಗೆ ಬರುವ ಅಂಕಿತ ಮಾತ್ರ ಎಲ್ಲಾ ಸಿಕ್ಕವು, ಯಾವ ಊರು, ಯಾರ ಶಿಷ್ಯ, ಎಲ್ಲಾ. ಎದುರಾಳಿಯ ಹೆಸರು ಯಾರೂ ಮರೆಯೋದಿಲ್ಲ.

ಮುಂದೆ ಸರಕಾರ ಹೊಸ ಊರು ಕಟ್ಟಿತು. ಹೊಲ ಎಷ್ಟಿದೆಯೋ ನೋಡಿ 250, 400, 750 ಚದರ ಅಡಿಯ ಮನೆ. ದಾರಿ ಅಗಲ, ಮನೆಗೆ ಮನೆ ದೂರ. ಹಳೇ ಊರಲ್ಲಿ ನಾನು ರಾತ್ರಿ ಒಂದು ಚಾಲು ಗುನುಗಿದರೆ ಗೋಡೆಯಾಚೆಯವ ತಾಳ ಹಾಕುತ್ತಿದ್ದ. ಮ್ಯಾಳ ಕೂಡುವುದು ಅಂದಿನಿಂದ ಕಷ್ಟ ಆಯಿತು. ಹೀಗಾಗಿ ಊರೊಳಗಿನ ಸಂಬಂಧಕ್ಕಿಂತ ಎಪ್ಪತ್ತು ಕಿಲೋಮೀಟರ ಆಚೆಯ ಸಂಬಂಧವೇ ಗಟ್ಟಿ ಉಳಿಯಿತು ಎಂದರೆ ನಗಬೇಡಿ. ಕಾರ್ಡು ಹೋಗಿ ಫೋನು ಬಂತು, ಫೋನು ಹೋಗಿ ಮೊಬೈಲು ಬಂತು. ಅಕ್ಕ ಈಗಿಲ್ಲ. ಅವರ ಮಗಳು ಮಿರಗಕ್ಕೆ ತನ್ನ ದನಿಯಲ್ಲೇ ಸವಾಲು ರೆಕಾರ್ಡ ಮಾಡಿ ಕಳಿಸುತ್ತಾಳೆ, ನಾನು ನನ್ನ ಮೊಮ್ಮಗನ ಕೈಲಿ ಉತ್ತರ ಕಳಿಸುತ್ತೇನೆ. ಕಾರ್ಡಿನಷ್ಟು ರುಚಿ ಇಲ್ಲ, ಯಾಕಂದರೆ ಉತ್ತರ ಮರುದಿನವೇ ಬಾ ಅನ್ನುತ್ತಾಳೆ. ಹಾಡು ಮಾಗಲಿಕ್ಕೆ ಮಳೆಗಾಲ ಬೇಕು ಎಂದು ಹೇಳಿ ಹೇಳಿ ಸಾಕಾಯಿತು.

ಬೀಜದ ಗಡಗಿಯ ಸವಾಲಿಗೆ ನಾನು ಉತ್ತರ ಕಟ್ಟಲೇ ಇಲ್ಲ. ಅಕ್ಕ ಇರುವ ತನಕ ಪ್ರತಿ ಎಳ್ಳಮಾವಾಸಿಗೆ ಒಮ್ಮೆ ಕೇಳುತ್ತಿದ್ದರು, ನಾನು ಭಜ್ಜಿ ಬಡಿಸುತ್ತಿದ್ದೆ.

ಹೋದ ವರ್ಷ ಅವರ ಮಗಳು ಹಳೇ ಹಿಮ್ಮೇಳದ ಮುದುಕನೊಬ್ಬನ ಹತ್ತಿರ ಕೂತು ನಮ್ಮ ಇನ್ನೂ ಮೂರು ಹಾಡು ಬರಸಿಕೊಂಡು ತಂದಳು. ಈಗ 44 ಆದವು. ಮೂರನೇ ಹಾಡಿನ ನಡುವಿನ ನುಡಿ ಆ ಮುದುಕನಿಗೂ ನೆನಪಿಲ್ಲ, ನನಗೂ ಇಲ್ಲ. ನೀವೇ ಒಂದು ನುಡಿ ಕಟ್ಟಿ ಸೇರಿಸ್ರಿ ಮಾಮಾ ಎಂದಳು. ಕಟ್ಟಲಿಕ್ಕೆ ಬರುತ್ತದೆ, ಆದರೆ ಅದು ಗುರುಗಳ ಅಂಕಿತದ ಹಾಡು. ವಹಿಯಲ್ಲಿ ಆರು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ.