ಗೋಡೆಯೊಳಗೆ ಕರೆಂಟ್!

ಕರೆಂಟ್ ಬಿಡದ ವಸ್ತುವಿನೊಳಗೇ ಕರೆಂಟ್ ಹರಿಯೋ ದಾರಿ ಇದ್ರೆ? ಬಿಸ್ಮತ್ ಫೆರೈಟ್ ಕಥೆ ಇದೇ. ಇದು ಮಲ್ಟಿಫೆರಾಯಿಕ್, ಅಂದ್ರೆ ವಿದ್ಯುತ್ತಿನ ಗುಣ, ಕಾಂತೀಯ ಗುಣ ಎರಡೂ ಒಂದರಲ್ಲೇ. 2003ರಲ್ಲಿ ಅಮೆರಿಕದಲ್ಲಿ ಇದರ ತೆಳುಪದರ ಬೆಳೆಸಿ ಜಗತ್ತಿನ ಗಮನ ಸೆಳೆದ ತಂಡವನ್ನು ನಡೆಸಿದವರು ಆರ್. ರಮೇಶ್, ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದವರು.

ಈ ಪದರದಲ್ಲಿ ವಿದ್ಯುತ್ ಧ್ರುವದ ದಿಕ್ಕು ಜಾಗದಿಂದ ಜಾಗಕ್ಕೆ ಬದಲಾಗುತ್ತೆ. ನಡುವೆ ಕೆಲವೇ ನ್ಯಾನೋಮೀಟರ್ ದಪ್ಪದ ಗೋಡೆಗಳು. ಮಾಮೂಲಿ ಮೈಕ್ರೋಸ್ಕೋಪ್‌ಗೆ ಕಾಣಲ್ಲ. 1986ರಲ್ಲಿ ಬಂದ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ನೋಡೋದಲ್ಲ, ಸೂಜಿಮೊನೆಯಿಂದ ತಡವುತ್ತೆ. 2009ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ಆ ಸೂಜಿಗೆ ವೋಲ್ಟೇಜ್ ಕೊಟ್ಟು ಪದರದ ಮೇಲೆ ಓಡಿಸಿದ್ದನ್ನು ಪ್ರಕಟಿಸಿದ್ರು. ಸುತ್ತಮುತ್ತ ಬಹುತೇಕ ಸುಮ್ಮನೆ. ಕೆಲವು ಗೋಡೆಗಳ ಮೇಲೆ ಮಾತ್ರ ಕರೆಂಟ್!

ಬೇಕಾದಲ್ಲಿ ಬರೆದು, ಅಳಿಸಬಹುದಾದ ವೈರ್ ಅಂದ್ರೆ ಇದೇ ಅಲ್ವಾ? ಬರೀ ಗಡಿ ಅನ್ನಿಸಿದ್ದೇ ಈಗ ಹೊಸ ಮೆಮೊರಿಯ ಕನಸು.